ನೋವಿಗೊಂದು ಕಾಯಕ

ಸಾವಿಲ್ಲದ ಮನೆಯಿಂದ ಸಾಸಿವೆ ತರುವುದು ಯಾರಿಂದಲೂ ಆಗದೆಂಬುದು ಲೋಕಪ್ರಸಿದ್ಧವಾದ ಮಾತು. ಅಗಲಿಕೆ, ರೋಗ, ಅಂಗವೈಕಲ್ಯ, ಅವಮಾನ, ಒಂಟಿತನ ಇವು ಬಡವ ಬಲ್ಲಿದನೆಂಬ ಭೇದವಿಲ್ಲದೆ ಎಲ್ಲರ ಬಾಗಿಲಿಗೂ ಬರುತ್ತವೆ. ಬಂದಾಗ ಬಂಧುಬಾಂಧವರು ನುಡಿಯುವ ಮಾತುಗಳು ಬಹುತೇಕ ಒಂದೇ ಬಗೆಯವು. ಧೈರ್ಯ ತಂದುಕೊಳ್ಳಿರಿ, ಕಾಲವೇ ಎಲ್ಲವನ್ನೂ ಮರೆಸುತ್ತದೆ, ಆದದ್ದು ಆಯಿತು, ಶಿವನಿಚ್ಛೆ. ಈ ಮಾತುಗಳಲ್ಲಿ ಕಪಟವಿಲ್ಲ. ಆದರೆ ಅವು ನೊಂದವರಿಗೆ ಸುಮ್ಮನಿರಲು ಹೇಳುತ್ತವೆಯೇ ಹೊರತು ಮಾಡಲು ಏನನ್ನೂ ಕೊಡುವುದಿಲ್ಲ. ಮನಸ್ಸು ಕುಸಿದಾಗ ಅದರೊಡನೆ ಕೈಯೂ ಸೋಲುತ್ತದೆ. ಒಲೆ ಹೊತ್ತಿಸಲು, ಹೂ ಕೊಯ್ಯಲು, ಬಾಗಿಲಿಗೆ ರಂಗವಲ್ಲಿ ಹಾಕಲು ಕೂಡ ಏಳಲಾಗದ ಸ್ಥಿತಿ ಅದು. ಆದುದರಿಂದ ನೊಂದವರಿಗೆ ಉಪದೇಶಕ್ಕಿಂತ ಮೊದಲು ಬೇಕಾದುದು ಕೈಗೊಂದು ಕೆಲಸ. ಅದರಲ್ಲಿಯೂ ಏನನ್ನಾದರೂ ಹೊಸದಾಗಿ ಮೂಡಿಸುವ ಕೆಲಸ.

ಹಾಡು, ಚಿತ್ರ, ಹೊಲಿಗೆ, ಬರಹ, ವಾದ್ಯ, ಮಣ್ಣಿನ ಮೂರ್ತಿ ಇವೆಲ್ಲ ಬಿಡುವಿನ ವೇಳೆಯ ವಿನೋದಗಳೆಂದು ಸಮಾಜವು ತಿಳಿದುಕೊಂಡಿದೆ. ಉಳ್ಳವರ ಮಕ್ಕಳು ಬೇಸಿಗೆ ರಜೆಯಲ್ಲಿ ಕಲಿಯುವ ವಿಷಯಗಳೆಂದೂ, ಪರೀಕ್ಷೆ ಸಮೀಪಿಸಿದೊಡನೆ ಮೊದಲು ಬಿಡಿಸಬೇಕಾದ ಪಾಠಗಳೆಂದೂ ಅವುಗಳನ್ನು ಬದಿಗಿರಿಸಲಾಗಿದೆ. ಈ ತಿಳಿವಳಿಕೆ ಸರಿಯಾದುದಲ್ಲ. ಕಲೆಯು ನೊಂದ ಜೀವವನ್ನು ಎತ್ತಿ ನಿಲ್ಲಿಸಬಲ್ಲದು. ಆದರೆ ಅದು ಕಾಯಕವಾದಾಗ ಮಾತ್ರ ಆ ಬಲ ಅದಕ್ಕೆ ಬರುತ್ತದೆ. ಈ ಕೊನೆಯ ಮಾತೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಕಲಬುರಗಿ ನಗರವು ದುಃಖದ ಮುಖವನ್ನು ಬಹು ಸಮೀಪದಿಂದ ಕಂಡಿದೆ. 2020ರ ಮಾರ್ಚ್ 10ರಂದು ಈ ನಗರದ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವೆಂದು ಅದು ದಾಖಲಾಯಿತು. ಆ ಬಳಿಕ ದೇಶದ ಉದ್ದಗಲಕ್ಕೂ ಎಷ್ಟೋ ಮನೆಗಳಲ್ಲಿ ನೆಂಟರಿಷ್ಟರು ಹತ್ತಿರ ಬಾರದೆ, ಕೊನೆಯ ಬಾರಿ ಮುಖ ನೋಡಲಾಗದೆ, ನಾಲ್ಕು ಜನ ಕುಳಿತು ಅಳಲೂ ಆಗದೆ ಸಾವುಗಳು ಕಳೆದುಹೋದವು. ಅಳದೆ ಉಳಿದ ಅಳು ಎಲ್ಲಿಯೂ ಹೋಗುವುದಿಲ್ಲ. ಅದು ಒಳಗೇ ಮನೆ ಮಾಡಿಕೊಳ್ಳುತ್ತದೆ. ರೋಗವು ತಗ್ಗಿತು, ಮುಖಗವಸುಗಳು ಮಾಯವಾದವು, ಅಂಗಡಿಗಳು ತೆರೆದವು. ಆದರೆ ಬಾಗಿಲು ಹಾಕಿಕೊಂಡು ಕುಳಿತ ದುಃಖಕ್ಕೆ ಬಾಗಿಲು ತೆರೆದವರು ಯಾರೂ ಇಲ್ಲ.

ಜೇವರ್ಗಿ ಕಾಲೋನಿಯಂತಹ ನಗರದ ವಸತಿ ಬಡಾವಣೆಗಳಲ್ಲಿ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಹಳ್ಳಿಯಲ್ಲಿ ಕಟ್ಟೆಯಿತ್ತು, ಗುಡಿಯ ಮುಂದೆ ಭಜನೆಯಿತ್ತು, ಬಾವಿಯ ಬಳಿ ನಾಲ್ಕು ಮಾತಿದ್ದವು. ಬಡಾವಣೆಯಲ್ಲಿ ಕಾಂಪೌಂಡು ಇದೆ, ಗೇಟು ಇದೆ, ಟಿ.ವಿ. ಇದೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಉದ್ಯೋಗಕ್ಕೆಂದು ಹೋದ ಬಳಿಕ ಉಳಿಯುವ ವೃದ್ಧ ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಗಡಿಯಾರವೇ ಸಂಗಾತಿ. ಹನ್ನೊಂದನೆಯ ದಿನ ಕಳೆದು ಬಂಧುಗಳು ತಮ್ಮ ತಮ್ಮ ಊರುಗಳಿಗೆ ಹಿಂತಿರುಗಿದ ನಂತರ ನಿಜವಾದ ದುಃಖವು ಆರಂಭವಾಗುತ್ತದೆ. ಆಗ ಆ ಕೈಗಳು ಏನು ಮಾಡಬೇಕು? ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಉತ್ತರವಿಲ್ಲದೆ ಹೋದರೆ ಅದೇ ಪ್ರಶ್ನೆ ಒಂದು ಜೀವವನ್ನು ನುಂಗಿಬಿಡುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರವಿತ್ತರು. ಶರಣರ ಹೆಸರುಗಳನ್ನು ಒಮ್ಮೆ ಗಮನಿಸಬೇಕು. ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಅಂಬಿಗರ ಚೌಡಯ್ಯ. ಯಾವ ಕಸುಬಿನ ಹೆಸರನ್ನು ಹಿಡಿದು ಲೋಕವು ಅವರನ್ನು ಕೆಳಗೆ ತಳ್ಳಿತ್ತೋ ಅದನ್ನೇ ಅವರು ಬಚ್ಚಿಡದೆ ತಮ್ಮ ಹೆಸರಿನ ಮುಂದೆ ನಿಲ್ಲಿಸಿಕೊಂಡರು. ವಚನಕಾರರಲ್ಲಿ ಬಹುತೇಕರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರೆ, ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ದೋಣಿ ನಡೆಸುವವನೊಬ್ಬನು ದೇವರ ಹೆಸರು ಬರುವ ಜಾಗದಲ್ಲಿ ತನ್ನ ಹೆಸರನ್ನು ನಿಲ್ಲಿಸುವುದು ಅಹಂಕಾರದ ಲಕ್ಷಣವಲ್ಲ. ತಲೆಮಾರುಗಳಿಂದ ಬಾಗಿದ ಬೆನ್ನು ಮೊದಲ ಬಾರಿಗೆ ನೆಟ್ಟಗಾದುದರ ಗುರುತು ಅದು. ಅಕ್ಷರದಿಂದ ದೂರವಿರಿಸಲ್ಪಟ್ಟವರು ನುಡಿಯನ್ನು ಕಟ್ಟಿದರು. ಕಟ್ಟುತ್ತ ಕಟ್ಟುತ್ತ ತಮ್ಮನ್ನೇ ಕಟ್ಟಿಕೊಂಡರು. ವಚನವು ಕೇಳುವವರನ್ನು ಉದ್ಧರಿಸಿತೆಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮೊದಲು ಅದು ರಚಿಸಿದವರನ್ನು ಎತ್ತಿ ನಿಲ್ಲಿಸಿತೆಂಬುದನ್ನು ಮರೆಯಲಾಗದು.

ಇದು ಎಂಟುನೂರು ವರ್ಷಗಳ ಹಿಂದಿನ ಮಾತಾಯಿತೆನ್ನುವವರಿಗೆ ಇತ್ತೀಚಿನ ಕಾಲದ ನಿದರ್ಶನವೂ ಇದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ದೃಷ್ಟಿಯಿರಲಿಲ್ಲ. ಅವನ ಸಹೋದರನಿಗೂ ಇರಲಿಲ್ಲ. ಬಡತನದ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಆ ಕಾಲದಲ್ಲಿ ಲೋಕವು ಕೊಡಬಲ್ಲದ್ದು ಒಂದು ಹಿಡಿ ಕನಿಕರ, ಒಂದು ಹಿಡಿ ಭಿಕ್ಷೆ. ಹಾನಗಲ್ಲಿನ ಕುಮಾರ ಸ್ವಾಮಿಗಳು, 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಅದೇ ಮಹನೀಯರು, ಆ ಮಕ್ಕಳ ಕಂಠದಲ್ಲಿದ್ದುದನ್ನು ಗುರುತಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಶ್ರೀಗಳು ಬಾಲಕನಿಗೆ ಅನ್ನ ಕೊಟ್ಟು ಮೂಲೆಯಲ್ಲಿ ಕೂರಿಸಲಿಲ್ಲ. ಗುರುಗಳ ಬಳಿ ಕಲಿಯಲು ಹಚ್ಚಿದರು. ಕರುಣೆಗಿಂತ ಕಠಿಣವಾದ, ಕರುಣೆಗಿಂತ ದೊಡ್ಡದಾದ ವಸ್ತುವೊಂದನ್ನು ಕೊಟ್ಟರು. ಅದು ನಿತ್ಯದ ಅಭ್ಯಾಸ. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು.

ಪಂಚಾಕ್ಷರ ಗವಾಯಿಗಳು ತಾವು ಪಡೆದ ವಿದ್ಯೆಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಸಂಗೀತ ಪಾಠಶಾಲೆಯನ್ನು ನಡೆಸಿದರು. ಕಡೆಗೆ ಅದು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ನೆಲೆ ನಿಂತಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಗಾಯಕಶ್ರೇಷ್ಠರು ಅವರ ಶಿಷ್ಯಪರಂಪರೆಯವರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಬಂದುದು ಅವರಂತೆಯೇ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳ ಹೆಗಲಿಗೆ.

ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜರು ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಹಿಂದೂಸ್ತಾನಿ ಮತ್ತು ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಾರಂಗತರಾದರು. ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳನ್ನು ಕರಗತ ಮಾಡಿಕೊಂಡರು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಅರುವತ್ತಾರು ವರ್ಷಗಳ ಕಾಲ ಕಣ್ಣಿಲ್ಲದ ಒಬ್ಬ ಗುರು ಕಣ್ಣಿಲ್ಲದ ಮಕ್ಕಳಿಗೂ ಕಣ್ಣಿದ್ದ ಮಕ್ಕಳಿಗೂ ದಾರಿ ತೋರಿದರು. ಇಂದು ದೇಶವೆಲ್ಲ ಬಲ್ಲ ಪಂಡಿತ ಎಂ. ವೆಂಕಟೇಶ ಕುಮಾರ್ ಅವರು ಬಾಲಕರಾಗಿ ಬಂದು ಬೆಳೆದುದು ಆ ಆಶ್ರಮದ ನೆರಳಿನಲ್ಲಿಯೇ.

ಈಗ ಕೇಳಬೇಕಾದ ಪ್ರಶ್ನೆ ಇದು. ಈ ಇಬ್ಬರಲ್ಲಿ ಗುಣವಾದುದು ಯಾವುದು? ಕಣ್ಣಂತೂ ಅಲ್ಲ. ಸಂಗೀತವು ಅವರಿಗೆ ದೃಷ್ಟಿಯನ್ನು ಮರಳಿಸಲಿಲ್ಲ. ಬದಲಾದುದು ಅವರ ನಿಲುವು. ಬೇಡುವ ಸ್ಥಾನದಲ್ಲಿ ಇರಬೇಕಾಗಿದ್ದವರು ನೀಡುವ ಸ್ಥಾನಕ್ಕೆ ಬಂದರು. ಕನ್ನಡ ಭಾಷೆಯಲ್ಲಿ ಗಾಯವು 'ಮಾಯುತ್ತದೆ', ಹಣ್ಣು 'ಮಾಗುತ್ತದೆ'. ಉಚ್ಚಾರದಲ್ಲಿ ನೆರೆಹೊರೆಯವಾದ ಈ ಎರಡು ಮಾತುಗಳು ಅರ್ಥದಲ್ಲಿಯೂ ದೂರದವಲ್ಲ. ಮಾಯ್ದ ಗಾಯವು ಇರಲೇ ಇಲ್ಲವೆಂಬಂತೆ ಆಗುವುದಿಲ್ಲ, ಕಲೆ ಉಳಿದೇ ಉಳಿಯುತ್ತದೆ. ಗಾಯದ ಗುರುತಿಗೂ ಕುಶಲವಿದ್ಯೆಗೂ ಕನ್ನಡವು 'ಕಲೆ' ಎಂಬ ಒಂದೇ ಮಾತನ್ನು ಬಳಸುತ್ತಿರುವುದು ಕಾಕತಾಳೀಯವಿರಬಹುದು. ಆದರೂ ಚಿಂತನೆಗೆ ಯೋಗ್ಯವಾದುದು. ನೋವು ಹೋಗದೆಯೂ ನೊಂದವರು ಬಲಗೊಳ್ಳಬಹುದೆಂಬುದೇ ಗದುಗಿನ ಆಶ್ರಮವು ಹೇಳುವ ಪಾಠ.

ಈ ಬಲ ಬಂದ ಬಗೆಯನ್ನು ಬಿಡಿಸಿ ನೋಡಿದರೆ ಮೂರು ಅಂಗಗಳು ಕಾಣುತ್ತವೆ. ಮೊದಲನೆಯದು ನೇಮ. ಮನಸ್ಸು ಒಪ್ಪಿದ ದಿನ ಹಾಡಿ, ಒಪ್ಪದ ದಿನ ಬಿಡುವುದರಿಂದ ಸ್ವರವೂ ಕೂಡುವುದಿಲ್ಲ, ಮನವೂ ನಿಲ್ಲುವುದಿಲ್ಲ. ನಸುಕಿನಲ್ಲಿ ಎದ್ದು ಷಡ್ಜವನ್ನು ಹಿಡಿದು ಕೂರುವವನಿಗೆ ನಿನ್ನೆಯ ದುಃಖವು ಇಂದೂ ಇರುತ್ತದೆ. ಆದರೆ ಅದಕ್ಕೆ ಮೊದಲು ಸ್ವರವಿರುತ್ತದೆ. ಎರಡನೆಯದು ಸಂಗ. ಕಲಿಸುವ ಗುರು, ಜೊತೆಗೆ ಕಲಿಯುವ ಒಡನಾಡಿ, ತಪ್ಪಿದಾಗ ತಿದ್ದುವ ಕಿವಿ ಇಲ್ಲದಿದ್ದರೆ ಅಭ್ಯಾಸವು ಬಹುಕಾಲ ಬಾಳುವುದಿಲ್ಲ. ಮೂರನೆಯದು ದಾಸೋಹ. ಮಾಡಿದುದು ಇನ್ನೊಬ್ಬರಿಗೆ ಸಲ್ಲಬೇಕು. ತನ್ನ ಹಾಡು ಇನ್ನೊಂದು ಮಗುವಿನ ಅನ್ನವಾಗುವುದನ್ನು ಕಂಡ ವ್ಯಕ್ತಿಯು ತಾನು ಯಾರಿಗೂ ಬೇಡವಾದವನೆಂದು ಹೇಗೆ ತಾನೇ ನಂಬಿಯಾನು? ಈ ಮೂರೂ ಕೂಡಿದಾಗ ಕಲೆಯು ಕಾಯಕವಾಗುತ್ತದೆ. ಒಂದು ಕಳಚಿದರೂ ಅದರ ಶಕ್ತಿ ಕುಂದುತ್ತದೆ.

ಗವಾಯಿಗಳಂತಹ ಮಹಾಪ್ರತಿಭೆಗಳ ಮಾತು ಬೇರೆ, ಸಾಮಾನ್ಯರ ಮಾತು ಬೇರೆ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರವು ಉತ್ತರ ಕರ್ನಾಟಕದ ಪ್ರತಿಯೊಂದು ಹಳೆಯ ಮನೆಯಲ್ಲಿಯೂ ಇತ್ತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳಿಗೆ ಯಾವ ವಿದ್ವತ್ತಿನ ಪದವಿಯೂ ಇರಲಿಲ್ಲ. ಅತ್ತೆಯ ಮುಂದೆ ಆಡಲಾಗದ ಮಾತನ್ನು, ಗಂಡನಿಗೆ ಹೇಳಲಾಗದ ನೋವನ್ನು, ತವರಿಗೆ ಮುಟ್ಟಿಸಲಾಗದ ಕಣ್ಣೀರನ್ನು ಅವರು ಕಲ್ಲಿನ ಸುತ್ತಿಗೆ ಸರಿಯಾಗಿ ತ್ರಿಪದಿಯಾಗಿ ಕಟ್ಟಿದರು. ಹಲಸಂಗಿ ಗೆಳೆಯರು ಈ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದಾಗ ಕನ್ನಡ ವಿದ್ವಲ್ಲೋಕವೇ ಬೆರಗಾಯಿತು. ಆ ಹಾಡುಗಳಲ್ಲಿಯೂ ಮೂರು ಅಂಗಗಳಿದ್ದವು. ನಿತ್ಯ ಬೀಸಲೇಬೇಕೆಂಬ ನೇಮವಿತ್ತು. ಎದುರಿಗೆ ಕುಳಿತು ಕೈಗೂಡಿಸುವ ಸಂಗಾತಿಯಿದ್ದಳು. ಬೀಸಿದ ಹಿಟ್ಟು ಮನೆಯವರ ರೊಟ್ಟಿಯಾಗುತ್ತಿತ್ತು. ಹಿಟ್ಟಿನ ಗಿರಣಿ ಬಂದು ಹೆಣ್ಣಿನ ರಟ್ಟೆಯ ನೋವನ್ನು ಕಳೆಯಿತು. ಅದು ಒಳ್ಳೆಯದೇ ಆಯಿತು. ಆ ಶ್ರಮವು ಮರಳಿ ಬರಲೆಂದು ಯಾರೂ ಬಯಸಲಾರರು. ಆದರೆ ಎದೆಯ ನೋವನ್ನು ಬೀಸುತ್ತಿದ್ದ ಕಲ್ಲಿಗೆ ಬದಲಾಗಿ ಇನ್ನೊಂದನ್ನು ಕೊಡಲು ಸಮಾಜವು ಮರೆತಿತು.

ಕೌದಿಯ ಮಾತೂ ಹಾಗೆಯೇ. ಹರಿದ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಗೆ ಹಾಕಿ ಮಾಡಿದ ಹೊದಿಕೆ ಈ ಭಾಗದ ಮನೆಗಳಲ್ಲಿ ಹೊಸದೇನಲ್ಲ. ತೀರಿಹೋದ ತಾಯಿಯ ಸೀರೆಯನ್ನು ಪೆಟ್ಟಿಗೆಯಲ್ಲಿ ಮಡಿಚಿಟ್ಟರೆ ಅದು ಪ್ರತಿ ಬಾರಿ ತೆರೆದಾಗಲೂ ಅಳಿಸುತ್ತದೆ. ಅದನ್ನೇ ಕೌದಿಯ ನಡುವಿನ ಪದರವಾಗಿ ಹೊಲಿದರೆ ಮೊಮ್ಮಗು ಅದರ ಬೆಚ್ಚನೆಯಲ್ಲಿ ಮಲಗುತ್ತದೆ. ಸೀರೆ ಅದೇ, ನೆನಪು ಅದೇ. ಆದರೆ ನೆನಪಿಗೆ ಒಂದು ಉಪಯೋಗ ಬಂದಿತು. ಸೂಜಿ ಹಿಡಿದವಳು ಇದನ್ನು ಚಿಕಿತ್ಸೆಯೆಂದು ಕರೆಯಲಿಲ್ಲ, ಕಲೆಯೆಂದೂ ಕರೆಯಲಿಲ್ಲ. ಹೆಸರಿಲ್ಲದಿದ್ದರೂ ಗುಣವಿತ್ತು.

ಗಂಡಸರಿಗೆ ತತ್ವಪದವಿತ್ತು. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರು, ಚನ್ನೂರಿನ ಜಲಾಲಸಾಹೇಬರು ಮೊದಲಾದವರು ಕಟ್ಟಿದ ಪದಗಳನ್ನು ಏಕತಾರಿ, ದಮ್ಮಡಿಗಳೊಡನೆ ಇರುಳೆಲ್ಲ ಹಾಡುವ ಭಜನಾ ಮೇಳಗಳು ಈ ಸೀಮೆಯ ಸಂಪತ್ತು. ಹಗಲೆಲ್ಲ ತೊಗರಿಯ ಹೊಲದಲ್ಲಿ ದುಡಿದು, ಸಾಲದ ಚಿಂತೆಯನ್ನು ಹೊತ್ತು ಬಂದ ರೈತನು ಮೇಳದಲ್ಲಿ ಕುಳಿತಾಗ ಅವನ ಸಾಲ ತೀರುತ್ತಿರಲಿಲ್ಲ. ಆದರೆ ಸಾಲಗಾರನೆಂಬ ಒಂದೇ ಹೆಸರು ಉಳಿದವನಿಗೆ ಅಲ್ಲಿ ಹಾಡುಗಾರನೆಂಬ ಇನ್ನೊಂದು ಹೆಸರು ದೊರೆಯುತ್ತಿತ್ತು. ಜಾತಿ ಮತಗಳ ಗೋಡೆಯನ್ನು ಮೀರಿ ನಾಲ್ಕು ಜನ ಅವನ ಪಲ್ಲವಿಯನ್ನು ಎತ್ತಿಕೊಳ್ಳುತ್ತಿದ್ದರು. ಒಬ್ಬನ ಉಸಿರು ಕಟ್ಟಿದಾಗ ಇನ್ನೊಬ್ಬನು ಸಾಲನ್ನು ಮುಂದುವರಿಸುವುದು ಭಜನೆಯ ಪದ್ಧತಿ. ಬದುಕಿನ ಪದ್ಧತಿಯೂ ಹಾಗೆಯೇ ಇರಬೇಕಾದುದು.

ಹಿರಿಯರು ಅನುಭವದಿಂದ ಬಲ್ಲ ಈ ಸಂಗತಿಯನ್ನು ಆಧುನಿಕ ವೈದ್ಯಕೀಯವು ತನ್ನ ರೀತಿಯಲ್ಲಿ ಪರೀಕ್ಷಿಸತೊಡಗಿದೆ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಅವರು ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬರೆಯುವುದರಿಂದ ತಮಗೂ, ಬಳಿಕ ಇತರ ರೋಗಿಗಳಿಗೂ ಆದ ಉಪಕಾರವನ್ನು ಕಂಡು 1942ರಲ್ಲಿ ಅದಕ್ಕೆ ಕಲಾ ಚಿಕಿತ್ಸೆಯೆಂಬ ಹೆಸರನ್ನಿತ್ತರು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷಗಳ ಕಾಲ ಬಣ್ಣ, ಮಣ್ಣು, ಕಾಗದಗಳಿಂದ ತಮಗೆ ತೋಚಿದ್ದನ್ನು ಮಾಡಿದರು. ದೇಹದ ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣವು ಸುಮಾರು ಶೇಕಡ 75ರಷ್ಟು ಮಂದಿಯಲ್ಲಿ ತಗ್ಗಿತು. ಮೊದಲೇ ಕಲೆ ಬಲ್ಲವರಿಗೂ ಏನೂ ಬಾರದವರಿಗೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಇದು ಸಣ್ಣ ಅಧ್ಯಯನ. ಒಂದು ಗಳಿಗೆಯ ನೆಮ್ಮದಿಯನ್ನಷ್ಟೇ ಅಳೆದುದು. ಆದರೂ ಚಂದವಾಗಿ ಮಾಡುವುದಕ್ಕಿಂತ ಮಾಡುವುದೇ ಮುಖ್ಯವೆಂಬ ಮಾತಿಗೆ ಅದು ಬೆಂಬಲವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯು 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ರೋಗ ತಡೆಗೂ ಆರೈಕೆಗೂ ಕಲೆಗಳು ನೆರವಾಗುತ್ತವೆಂದು ಅಭಿಪ್ರಾಯಪಟ್ಟಿತು.

ಬರೆಯುವುದರ ಬಗೆಗೆ ನಡೆದ ಪ್ರಯೋಗವೂ ಗಮನಾರ್ಹವಾದುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ಆಘಾತದ ಕುರಿತು ಬರೆದರು. ಬರೆದ ಕೂಡಲೇ ಅವರ ಮನಸ್ಸು ಹಗುರಾಗಲಿಲ್ಲ, ಇನ್ನಷ್ಟು ಭಾರವಾಯಿತು. ಆದರೆ ಘಟನೆಯನ್ನೂ ಅದರಿಂದಾದ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾದ ಪ್ರಸಂಗಗಳು ಕಡಿಮೆಯಾದವು. ಹೊಲದಲ್ಲಿ ಕುಂಟೆ ಹೊಡೆದ ದಿನ ಮಣ್ಣು ಕದಡಿದಂತೆ ಕಾಣುತ್ತದೆ. ಬೆಳೆಯ ಹಿತ ತಿಳಿಯುವುದು ತಡವಾಗಿ. ಮೊದಲ ದಿನವೇ ಸಮಾಧಾನ ದೊರೆಯಲಿಲ್ಲವೆಂದು ಕೈ ಬಿಡುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳನ್ನೂ ಪ್ರಾಮಾಣಿಕವಾಗಿ ಎದುರಿಸಬೇಕಾಗುತ್ತದೆ. ಕಲೆಯು ಬಲ ಕೊಡುವುದಾದರೆ ಡಚ್ ಚಿತ್ರಕಾರ ವ್ಯಾನ್ ಗಾಗ್ ಅವರನ್ನು ಅದು ಏಕೆ ಉಳಿಸಲಿಲ್ಲ? 1889ರಲ್ಲಿ ಅವರು ಫ್ರಾನ್ಸಿನ ಮಾನಸಿಕ ಚಿಕಿತ್ಸಾಲಯವೊಂದನ್ನು ಸೇರಿ, ಅಲ್ಲಿಯೂ ಬಿಡದೆ ಚಿತ್ರ ಬರೆದರು. ಲೋಕವು ಇಂದು ತಲೆದೂಗುವ ಎಷ್ಟೋ ಚಿತ್ರಗಳು ಅಲ್ಲಿಯೇ ಹುಟ್ಟಿದವು. ಆದರೂ 1890ರಲ್ಲಿ, ಕೇವಲ 37ರ ವಯಸ್ಸಿನಲ್ಲಿ, ಅವರ ಬಾಳು ದುರಂತದಲ್ಲಿ ಕೊನೆಗೊಂಡಿತು. ಇದಕ್ಕೆ ಸುಲಭವಾದ ಉತ್ತರವಿಲ್ಲ. ಅವರಿಗೆ ನೇಮವಿತ್ತು, ತಮ್ಮನ ಪ್ರೀತಿಯೂ ಇತ್ತು. ಆದರೆ ರೋಗವು ಕಠಿಣವಾಗಿತ್ತು, ಇಂದಿನ ಔಷಧಗಳು ಅಂದು ಇರಲಿಲ್ಲ. ಆದುದರಿಂದ ಕಲೆಯನ್ನು ಸರ್ವರೋಗನಿವಾರಕವೆಂದು ಸಾರುವುದು ನೊಂದವರಿಗೆ ಮಾಡುವ ದ್ರೋಹವೇ ಸರಿ. ನಿದ್ದೆ ಬಾರದೆ, ಅನ್ನ ಸೇರದೆ, ಬದುಕೇ ಬೇಡವೆನಿಸುವವರಿಗೆ ಮೊದಲು ಬೇಕಾದುದು ವೈದ್ಯರು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಜ್ವರಕ್ಕೆ ಗುಳಿಗೆ ನುಂಗಲು ನಾಚದವರು ಮನಸ್ಸಿನ ರೋಗಕ್ಕೆ ಔಷಧ ಸೇವಿಸಲು ನಾಚಬೇಕಾಗಿಲ್ಲ. ಔಷಧವು ಬಿದ್ದವರನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಮೇಲೆ ನಡೆಯಲು ಕಾಯಕ ಬೇಕು. ಒಂದು ಇನ್ನೊಂದಕ್ಕೆ ಬದಲಲ್ಲ.

ಇನ್ನೊಂದು ಆಕ್ಷೇಪವು ಭಕ್ತರಿಂದಲೇ ಬರುತ್ತದೆ. ಪೂಜೆ ಪ್ರಾರ್ಥನೆಗಳಿರುವಾಗ ಹಾಡು ಚಿತ್ರಗಳ ಹಂಗೇಕೆ? ಶರಣರಿಗೆ ಈ ಭೇದವೇ ಒಪ್ಪಿಗೆಯಾಗಿರಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆಯುವ ಕಾಯಕವನ್ನು ಲಿಂಗಪೂಜೆಗಿಂತ ಕಡಿಮೆಯದೆಂದು ತಿಳಿಯಲಿಲ್ಲವೆಂಬುದು ಶರಣ ಸಾಹಿತ್ಯದ ಪರಿಚಯವಿದ್ದವರೆಲ್ಲರಿಗೂ ಗೊತ್ತಿರುವ ಸಂಗತಿ. ಕೈ ಸುಮ್ಮನಿದ್ದು ತುಟಿ ಮಾತ್ರ ನಡೆಯುವ ಪ್ರಾರ್ಥನೆಯಲ್ಲಿ ದುಃಖವು ಮಾತಿನ ನಡುವೆ ನುಸುಳಿ ಬರುತ್ತದೆ. ಕೈಯೂ ಕೂಡಿದಾಗ ಅದಕ್ಕೆ ನುಸುಳಲು ಎಡೆ ಕಡಿಮೆ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಮಾಡಿದೆನೆಂಬ ಹಮ್ಮು ಮಾಡಿದುದನ್ನು ಕೆಡಿಸುತ್ತದೆಂದು ಬಸವಣ್ಣನವರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಇಂದಿನ ದಿನಗಳಲ್ಲಿ ಹಾಡಿದೊಡನೆ ಮೊಬೈಲಿನಲ್ಲಿ ಹಾಕಿ ಎಷ್ಟು ಜನ ಮೆಚ್ಚಿದರೆಂದು ಎಣಿಸುವ ರೂಢಿ ಬಂದಿದೆ. ಮೆಚ್ಚುಗೆಯ ಎಣಿಕೆಯಲ್ಲಿ ಸಿಲುಕಿದ ಮನಸ್ಸು ಹಳೆಯ ನೋವಿನ ಜೊತೆಗೆ ಹೊಸದೊಂದನ್ನು ಸಂಪಾದಿಸಿಕೊಳ್ಳುತ್ತದೆ. ನೊಂದವರ ಕಲೆಗೆ ಸ್ಪರ್ಧೆ ಬೇಡ, ಬಹುಮಾನ ಬೇಡ, ಅಂಕಪಟ್ಟಿ ಬೇಡ.

ಹಾಗಾದರೆ ಆಗಬೇಕಾದುದೇನು? ಕಲಬುರಗಿಯು ಕಲೆಯ ಬೆಲೆ ಅರಿಯದ ಊರಲ್ಲ. 1916ರಲ್ಲಿ ಇದೇ ನಗರದಲ್ಲಿ ಹುಟ್ಟಿ, ಪುರಾಣದ ಚಿತ್ರಗಳಿಂದಲೂ ಚಲನಚಿತ್ರದ ಭಿತ್ತಿಪತ್ರಗಳಿಂದಲೂ ದೇಶದಲ್ಲೆಲ್ಲ ಹೆಸರಾದ ಚಿತ್ರಕಾರ ಎಸ್.ಎಂ. ಪಂಡಿತರ ಹೆಸರನ್ನು ತನ್ನ ರಂಗಮಂದಿರಕ್ಕೆ ಇಟ್ಟುಕೊಂಡಿರುವ ನಗರವಿದು. ಆದರೆ ದೊಡ್ಡ ರಂಗಮಂದಿರದಲ್ಲಿ ನೋಡುವವರು ಸಾವಿರ, ಮಾಡುವವರು ಹತ್ತು. ನೊಂದವರಿಗೆ ಬೇಕಾದುದು ಇದಕ್ಕೆ ತಿರುಗುಮುರುಗಾದುದು. ಜೇವರ್ಗಿ ಕಾಲೋನಿಯಲ್ಲಾಗಲಿ, ನಗರದ ಇನ್ನಾವ ಬಡಾವಣೆಯಲ್ಲಾಗಲಿ ವಾರದ ಒಂದೆರಡು ಸಂಜೆ ತೆರೆದಿರುವ ಒಂದು ಕೋಣೆ ಸಾಕು. ಒಂದು ಜಮಖಾನೆ, ಒಂದು ಹಾರ್ಮೋನಿಯಂ, ಒಂದಿಷ್ಟು ಬಟ್ಟೆಯ ತುಂಡುಗಳು, ಸೂಜಿ ದಾರ, ಕಾಗದ, ಬಣ್ಣ. ಬಂದವರನ್ನು ಏನಾಯಿತೆಂದು ಕೇಳುವ ಅಗತ್ಯವಿಲ್ಲ. ಇಂದು ಏನು ಮಾಡೋಣವೆಂದು ಕೇಳಿದರಾಯಿತು. ಹೊಲಿದ ಕೌದಿಯನ್ನು ಬಾಣಂತಿಗೆ ಕೊಡಬಹುದು, ಕಲಿತ ಹಾಡನ್ನು ನೆರೆಮನೆಯ ಹಿರಿಯರ ಮುಂದೆ ಹಾಡಬಹುದು. ಮಠ, ಗುಡಿ, ಶಾಲೆ, ಸಂಘಗಳಿಗೆ ಇದು ಹೊರೆಯಾಗುವ ಖರ್ಚಲ್ಲ. ಅನ್ನದಾಸೋಹಕ್ಕೆ ಹೆಸರಾದ ಈ ನಾಡಿನಲ್ಲಿ ಕೈಗಳ ಹಸಿವಿಗೂ ಒಂದು ದಾಸೋಹ ನಡೆಯಬೇಕು.

ಕುಟುಂಬದವರ ಪಾಲೂ ಇದರಲ್ಲುಂಟು. ವಯಸ್ಸಾದ ತಂದೆ ಹಳೆಯ ಕೊಳಲನ್ನು ಹೊರತೆಗೆದರೆ ಈ ವಯಸ್ಸಿನಲ್ಲಿ ಏಕೆ ಎಂದು ನಗುವುದು, ವಿಧವೆಯಾದ ತಾಯಿ ಹಾಡಿಕೊಂಡರೆ ಜನ ಏನೆಂದಾರೆಂದು ತಡೆಯುವುದು, ಪರೀಕ್ಷೆಯಲ್ಲಿ ಸೋತ ಮಗನ ಬಣ್ಣದ ಪೆಟ್ಟಿಗೆಯನ್ನು ಕಸಿದುಕೊಳ್ಳುವುದು ಇವು ಅರಿಯದೆ ಮಾಡುವ ಹಿಂಸೆಗಳು. ದುಃಖದಲ್ಲಿರುವವರು ದುಃಖಿಗಳಂತೆಯೇ ಕಾಣಬೇಕೆಂಬ ನಿರೀಕ್ಷೆಯನ್ನು ಮೊದಲು ಬಿಡಬೇಕು. ಗಂಡನನ್ನು ಕಳೆದುಕೊಂಡವಳು ಹಾಡಿದರೆ ಅವಳು ಅವನನ್ನು ಮರೆತಳೆಂದು ಅರ್ಥವಲ್ಲ. ಅವನ ನೆನಪನ್ನು ಹೊರಬಲ್ಲ ಬಲ ಅವಳಿಗೆ ಬಂದಿತೆಂದು ಅರ್ಥ.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಅಲ್ಲಿಯ ಕೆಂಪು ಬಾಳೆಯು ಭೌಗೋಳಿಕ ಗುರುತಿನ ಮಾನ್ಯತೆ ಪಡೆದು ನಾಡಿನಲ್ಲೆಲ್ಲ ಹೆಸರಾಗಿದೆ. ಇತರ ಬಾಳೆಗಳಿಗಿಂತ ಅದು ಫಲಕ್ಕೆ ಬರಲು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಬೆಳೆಗಾರನು ಅದನ್ನು ಅವಸರಪಡಿಸುವುದಿಲ್ಲ. ಕಾಲವೇ ನೋಡಿಕೊಳ್ಳುತ್ತದೆಂದು ಕೈಕಟ್ಟಿ ಕೂರುವುದೂ ಇಲ್ಲ. ದಿನವೂ ತೋಟಕ್ಕೆ ಹೋಗುತ್ತಾನೆ, ನೀರು ಹಾಯಿಸುತ್ತಾನೆ, ಗೊನೆ ತೂಗಿದಾಗ ಆಸರೆ ಕೊಡುತ್ತಾನೆ. ನೋವು ಮಾಯುವುದೂ ಹಾಗೆಯೇ. ಕಾಲವು ಬೇಕು, ಆದರೆ ಕಾಲವೊಂದೇ ಸಾಲದು. ಆ ಕಾಲದ ಪ್ರತಿಯೊಂದು ದಿನಕ್ಕೂ ಕೈಗೆ ಒಂದು ಕೆಲಸ, ಪಕ್ಕದಲ್ಲಿ ಒಬ್ಬ ಸಂಗಾತಿ, ಮಾಡಿದುದನ್ನು ಸ್ವೀಕರಿಸುವ ಒಂದು ಜೀವ ಬೇಕು.

ನೊಂದವರ ಮನೆಗೆ ಹೋಗುವವರು ಸಮಾಧಾನದ ಮಾತುಗಳ ಜೊತೆಗೆ ಒಂದು ಸೂಜಿಯನ್ನೋ, ಒಂದು ಪುಸ್ತಕವನ್ನೋ, ಒಂದು ಜೊತೆ ತಾಳವನ್ನೋ ಒಯ್ಯಲಿ. ಮರುವಾರ ಮತ್ತೆ ಹೋಗಿ, ಮಾಡಿದುದು ಎಲ್ಲಿಯವರೆಗೆ ಬಂದಿತೆಂದು ವಿಚಾರಿಸಲಿ.